ಸೊರಬದ ಹವಳಕ್ಕೆ ಎಷ್ಟು ಬೆಳಕು

ಆ ದಿನವೂ ಎಲ್ಲ ದಿನಗಳ ಹಾಗೆಯೇ ಶುರುವಾಯಿತು. ಐದೂವರೆಗೆ ಎದ್ದು ಬಾಗಿಲಿಗೆ ನೀರು ಹಾಕಿ, ನಾಲ್ಕು ಎಳೆ ರಂಗೋಲಿ ಎಳೆದು, ಹಾಲಿನ ಪಾತ್ರೆ ಒಲೆಯ ಮೇಲಿಟ್ಟೆ. ಹಾಲು ಕಾಯುವಷ್ಟರಲ್ಲಿ ಪಡಸಾಲೆಯ ಆರು ಗಾಜಿನ ತೊಟ್ಟಿಗಳ ಮುಂದೆ ಒಂದು ಸುತ್ತು ಹೋಗಿ ಬರುವುದು ನನ್ನ ರೂಢಿ. ಯಾವ ಮೀನು ಮೂಲೆ ಹಿಡಿದು ನಿಂತಿದೆ, ಯಾವ ಪಂಪು ಗೊರಗೊರ ಎನ್ನುತ್ತಿದೆ, ಯಾವ ಗಾಜಿನ ಮೇಲೆ ಬಸವನಹುಳು ಎಲ್ಲಿಂದ ಎಲ್ಲಿಗೆ ನಡೆದಿದೆ, ಎಲ್ಲವನ್ನೂ ನೋಡಬೇಕು. ನಮ್ಮ ಮನೆಯವರು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅವಕ್ಕೆಲ್ಲ ಗುಡ್ ಮಾರ್ನಿಂಗ್ ಆಯ್ತೇನ್ರಿ? ಆಗಿದ್ರೆ ನನಗೊಂದು ಕಾಫಿ ಸಿಗಬಹುದಾ?" ಎಂದರು. ಅಷ್ಟರಲ್ಲಿ ಹಾಲು ಉಕ್ಕಿತು. ಅದೂ ಎಂದಿನಂತೆಯೇ.

ಒಲೆ ಒರೆಸುತ್ತಿರುವಾಗ ಫೋನು ಬಂತು. ಸೊರಬದ ಸುಮಂಗಲಾ.

"ಅಕ್ಕಾ, ಹಸಿರು ಹವಳ ಮೂರು ದಿನದಿಂದ ಬೆರಳು ಬಿಚ್ಚಿಲ್ಲ. ಬುಡ ಬೆಳ್ಳಗಾಗ್ತಾ ಇದೆ. ಇವತ್ತೇ ಬರಕ್ಕೆ ಆಗ್ತದಾ?"

ನಾನು ಬರುತ್ತೇನೆ ಎಂದೆ. ಅವಳು ಫೋನು ಇಡಲಿಲ್ಲ. ದನಿ ತಗ್ಗಿಸಿ, "ಇವರು ಹೇಳಿಬಿಟ್ಟಿದಾರೆ ಅಕ್ಕಾ. ಇದೂ ಹೋದರೆ ತೊಟ್ಟಿ ತೆಗೆದು ಅಲ್ಲಿ ಬೀರು ಇಡೋಣ ಅಂತ" ಎಂದಳು.

ಶಿಕಾರಿಪುರದ ನಮ್ಮ ಮನೆಯ ಪಡಸಾಲೆಯಿಂದಲೇ ಸುಮಾರು ಇಪ್ಪತ್ತು ವರ್ಷ ನಾನು ಮನೆಮನೆಗೆ ಅಕ್ವೇರಿಯಂ ಮಾಡಿಕೊಟ್ಟು ನೋಡಿಕೊಳ್ಳುವ ಕೆಲಸ ಮಾಡಿದೆ. ಊರಿನವರಿಗೆ ನಾನು 'ಮೀನಿನ ಅಕ್ಕ'. ಆ ಫೋನು ಬಂದದ್ದು ಆ ಕೆಲಸದಲ್ಲಿದ್ದಾಗ. ಹೋದ ವರ್ಷ ಮೊಣಕಾಲು ಸಾಕು ಎಂದಿತು. ಗಿರಾಕಿಗಳನ್ನೆಲ್ಲ ಆನವಟ್ಟಿಯ ಶೈಲಾಗೆ ಒಪ್ಪಿಸಿದೆ. ಅವಳು ಮೊನ್ನೆ, "ಅಕ್ಕಾ, ಹವಳದ ತೊಟ್ಟಿಗೆ ಯಾವ ಲೈಟು ಹಾಕಬೇಕು ಅನ್ನೋದನ್ನ ಒಂದು ಹಾಳೇಲಿ ಬರೆದುಕೊಡ್ರಿ" ಎಂದಳು. ಒಂದು ಹಾಳೆಯಲ್ಲಿ ಬರೆಯಬಹುದಿತ್ತು. ಆದರೆ ಆ ಹಾಳೆ ನನ್ನ ತಲೆಯೊಳಗೆ ಮೊದಲೇ ಇತ್ತು. ಅದಿದ್ದೂ ನಾನು ಸೊರಬದಲ್ಲಿ ನಾಲ್ಕು ಸಲ ಎಡವಿದೆ. ಹಾಗಾಗಿ ಎಡವಿದ್ದನ್ನೇ ಬರೆಯುತ್ತೇನೆ.

ಒಂಬತ್ತರ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ತೊಡೆಯ ಮೇಲೆ ನನ್ನ ಚೀಲ. ಅದರಲ್ಲಿ ಉದ್ದನೆಯ ಇಕ್ಕಳ, ಉಪ್ಪಿನ ಅಳತೆ ನೋಡುವ ಗಾಜಿನ ಕೊಳವೆ, ಒಂದು ಹಳೆ ಬನಿಯನ್ ಬಟ್ಟೆ, ನೋಟು ಪುಸ್ತಕ. ಶಿರಾಳಕೊಪ್ಪದವರೆಗೂ ನಾನು ಯೋಚಿಸಿದ್ದು ಒಂದೇ: ಎಲ್ಲಿ ತಪ್ಪಿದೆ?

ಮೀನಿನ ಹುಚ್ಚು ನನಗೆ ಹಿಡಿದದ್ದು ಶಿವಮೊಗ್ಗದ ಕಾನ್ವೆಂಟಿನಲ್ಲಿ. ವಿಜ್ಞಾನದ ಸಿಸ್ಟರ್ ಒಬ್ಬರು ಪ್ರಯೋಗಶಾಲೆಯ ಕಿಟಕಿಯಲ್ಲಿ ಸಣ್ಣದೊಂದು ತೊಟ್ಟಿ ಇಟ್ಟಿದ್ದರು. ಮಾತಾಡಿದವರಿಗೆ ಶಿಕ್ಷೆ ಎಂದರೆ ಅದರ ಮುಂದೆ ಹತ್ತು ನಿಮಿಷ ಕೂತು, ಕಂಡದ್ದನ್ನು ಬರೆಯುವುದು. ನಾನು ಬೇಕೆಂದೇ ಮಾತಾಡುತ್ತಿದ್ದೆ. ಒಂದು ದಿನ 'ಮೀನು ಬೇಸರದಲ್ಲಿದೆ' ಎಂದು ಬರೆದೆ. ಸಿಸ್ಟರ್ ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು, "ಬೇಸರ ನಿನ್ನದು. ನೀನು ಕಂಡದ್ದೇನು, ಅದನ್ನ ಬರಿ" ಎಂದರು. ಹೋಗಿ ನೋಡಿದರೆ ಮೀನಿನ ಒಂದು ರೆಕ್ಕೆ ಮಡಿಚಿಕೊಂಡಿತ್ತು, ಅಷ್ಟೆ.

ಮದುವೆಯಾಗಿ ಬಂದದ್ದು ಬಲ್ಬು, ವಯರು, ಸ್ವಿಚ್ಚು ಮಾರುವ ಮನೆಗೆ. ನಮ್ಮವರ ಅಂಗಡಿಯಲ್ಲಿ ಉಳಿದ ಟ್ಯೂಬ್‌ಲೈಟು ನನ್ನ ಮೊದಲ ತೊಟ್ಟಿಗೆ ಬಂತು. ನನಗೆ ಮೇಲಧಿಕಾರಿ ಎಂದು ಯಾರಾದರೂ ಇದ್ದರೆ ಅದು ಶಿವಮೊಗ್ಗದ ಸಗಟು ವ್ಯಾಪಾರಿ ರಹಮತ್ ಸಾಹೇಬರು. ಮೀನು, ಗಾಜು, ಪಂಪು ಎಲ್ಲ ಅವರಲ್ಲೇ. ಬೈಯುವುದೂ ಅವರೇ. ಉಪ್ಪುನೀರಿನ ತೊಟ್ಟಿ ಮಾಡುತ್ತೇನೆ ಎಂದು ಹೋದ ದಿನ ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಬೇಟಿ, ಹವಳ ಅಂದ್ರೆ ಕಲ್ಲಲ್ಲ, ಗಿಡಾನೂ ಅಲ್ಲ. ಜೀವ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರ್ತದೆ. ಬೆಳಕು ಬಿದ್ರೆ ಆ ಪಾಚಿ ಅಡಿಗೆ ಮಾಡಿ ಅದಕ್ಕೆ ಬಡಿಸ್ತದೆ. ಬೆಳಕು ಕಮ್ಮಿ ಆದ್ರೆ ಉಪವಾಸ. ಜಾಸ್ತಿ ಆದ್ರೆ ಹವಳ ಏನು ಮಾಡ್ತದೆ ಗೊತ್ತಾ? ಅಡಿಗೆಯವರನ್ನೇ ಮನೆಯಿಂದ ಆಚೆ ಹಾಕ್ತದೆ. ಆಮೇಲೆ ಬೆಳ್ಳಗೆ ಬಿಳಿಚಿಕೊಂಡು ಕೂತಿರ್ತದೆ."

ಇನ್ನೊಂದನ್ನೂ ಅವರು ಕಟ್ಟುನಿಟ್ಟಾಗಿ ಹೇಳಿದರು. ಸಮುದ್ರದಿಂದ ಕಿತ್ತು ತಂದ ಹವಳ ಯಾರು ಕೊಟ್ಟರೂ ಮುಟ್ಟಬಾರದು, ಅದು ಕಾನೂನಿಗೂ ತಪ್ಪು, ಸಮುದ್ರಕ್ಕೂ ತಪ್ಪು. ತೊಟ್ಟಿಯಲ್ಲೇ ಬೆಳೆಸಿದ, ಕಾಗದಪತ್ರ ಇರುವ ತುಂಡು ಮಾತ್ರ. ಶೈಲಾ, ಇದನ್ನು ಗೋಡೆಯ ಮೇಲೆ ಬರೆದು ಹಾಕಿಕೋ.

ಅಷ್ಟು ಕೇಳಿಸಿಕೊಂಡು ಬಂದವಳು ಮೊದಲ ತಪ್ಪು ಮಾಡಿದ್ದು ನಮ್ಮ ಊರಿನ ಡಾಕ್ಟರೊಬ್ಬರ ಮನೆಯಲ್ಲಿ. ಆಗ ಹವಳಕ್ಕೆ ದೊಡ್ಡ ಬೆಳಕು ಎಂದರೆ ಹ್ಯಾಲೈಡ್ ದೀಪ, ಆಟದ ಮೈದಾನದಲ್ಲಿ ಹಾಕುತ್ತಾರಲ್ಲ, ಅದರ ತಮ್ಮ. ಹಚ್ಚಿದರೆ ನೀರಿನ ತಳದಲ್ಲಿ ಬಿಸಿಲು ಕುಣಿಯುತ್ತಿತ್ತು. ನನಗೆ ಆ ಕುಣಿತ ನೋಡಿಯೇ ಮನಸ್ಸು ಸೋತಿತ್ತು. ಶಿಕಾರಿಪುರದ ಏಪ್ರಿಲ್ ತಿಂಗಳನ್ನು ಮಾತ್ರ ಮರೆತಿದ್ದೆ. ಎರಡು ವಾರ ಬಿಟ್ಟು ಹೋದರೆ ನೀರು ಹೂಬೆಚ್ಚಗಿದೆ, ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದೆ. ದೀಪದ ತಗಡಿನ ಮುಚ್ಚಳದ ಮೇಲೆ ಸೀರೆಯ ತುಂಡು ಹಾಸಿ, ಡಾಕ್ಟರ ತಾಯಿ ಸಾಲಾಗಿ ಏನನ್ನೋ ಇಟ್ಟಿದ್ದಾರೆ.

"ಏನಮ್ಮಾ ಇದು?"

"ಸಂಡಿಗೇ ರೀ. ಮಾಳಿಗೆ ಹತ್ತಾಕ ಕಾಲು ನೋವು. ನಿಮ್ಮ ಮೀನಿನ ಲೈಟಿಗೆ ಭಾಳ ಚಂದ ಒಣಗ್ತಾವು."

ಅವರು ನನಗೆ ಒಂದು ಡಬ್ಬಿ ಸಂಡಿಗೆ ಕಟ್ಟಿಕೊಟ್ಟರು. ನಾನು ಆ ದೀಪ ಬಿಚ್ಚಿಕೊಂಡು ಬಂದೆ. ಬೆಳಕು ಆಯುವಾಗ ಅದರ ಸೆಕೆಯನ್ನೂ ಲೆಕ್ಕ ಹಿಡಿಯಬೇಕೆಂದು ಸಂಡಿಗೆ ಕರಿಯುವಾಗಲೆಲ್ಲ ನೆನಪಾಗುತ್ತಿತ್ತು.

ಅಂಜನಾಪುರದ ಒಂದು ಮನೆಯಲ್ಲಿ ಬೇರೆ ಪಾಠ. ಅಲ್ಲಿ ತೊಟ್ಟಿಗೆ ನಾನು ಹಾಕಿದ್ದು ಸಣ್ಣ ಬೆಳಕು, ಆದರೂ ಗಾಜಿನ ತುಂಬ ಪಾಚಿ. ಎರಡು ತಿಂಗಳು ಉಜ್ಜಿದ ಮೇಲೆ ಗೊತ್ತಾಯಿತು, ಚಳಿಗಾಲ ಬಂದಾಗ ಸೂರ್ಯ ವಾಲಿ ಎದುರಿನ ಕಿಟಕಿಯಿಂದ ಬಿಸಿಲು ನೇರ ತೊಟ್ಟಿಗೇ ಬೀಳುತ್ತಿತ್ತು. ನಾನು ತೊಟ್ಟಿ ಇಟ್ಟದ್ದು ಮಳೆಗಾಲದಲ್ಲಿ. ಒಂದು ಪರದೆ ಹಾಕಿದ್ದಕ್ಕೆ ಎಲ್ಲ ಸರಿಹೋಯಿತು.

ಆಮೇಲೆ ಎಲ್‌ಇಡಿ ಬಂತು. ಸೆಕೆ ಕಡಿಮೆ, ಕರೆಂಟು ಕಡಿಮೆ, ಬಿಳಿ ಬೇರೆ ನೀಲಿ ಬೇರೆ, ಎಷ್ಟು ಬೇಕೋ ಅಷ್ಟಕ್ಕೆ ತಿರುಗಿಸುವ ಗುಂಡಿ. ನೋಡಲು ಕೈಯಷ್ಟು ಅಗಲ, ಆದರೆ ಹಳೆಯ ನಾಲ್ಕು ಟ್ಯೂಬಿಗಿಂತ ಗಟ್ಟಿ. ಅದು ಬಂದ ಮೇಲೆ ನಮ್ಮ ಕಣ್ಣು ಕೆಲಸಕ್ಕೆ ಬಾರದಾಯಿತು. ನೀಲಿ ಬೆಳಕು ನಮಗೆ ಮಂದವಾಗಿ ಕಾಣುತ್ತದೆ, ಹವಳಕ್ಕೆ ಅದೇ ಹಬ್ಬದೂಟ. ಹಾಗಾಗಿ ಸಾಹೇಬರ ಹತ್ತಿರ ನೀರಿಗೆ ಇಳಿಬಿಡುವ ಬೆಳಕಿನ ಮೀಟರು ಕಡ ತಂದು, ತೊಟ್ಟಿಯ ತಳ, ನಡು, ಮೇಲು ಮೂರೂ ಕಡೆ ಅಳೆದು ಬರೆದುಕೊಳ್ಳುತ್ತಿದ್ದೆ. ಮೆದು ಹವಳಕ್ಕೆ ಮಂದ ಬೆಳಕು, ಗಟ್ಟಿ ಹವಳಕ್ಕೆ ಜೋರು. ಯಾವುದಾದರೂ ಸರಿ, ಮೊದಲ ದಿನ ಅರ್ಧಕ್ಕಿಂತ ಕಡಿಮೆ ಇಟ್ಟು ವಾರ ವಾರ ಸ್ವಲ್ಪ ಏರಿಸುವುದು. ಹೊಸ ಸೊಸೆಗೆ ಮೊದಲ ದಿನವೇ ಮನೆಯ ಎಲ್ಲ ಕೆಲಸ ಹೇಳುತ್ತೇವೆಯೇ?

ಇಷ್ಟೆಲ್ಲ ತಿಳಿದೇ ಸೊರಬದ ತೊಟ್ಟಿಗೆ ನಾನು ಎಲ್‌ಇಡಿ ಹಾಕಿದ್ದೆ.

ಸುಮಂಗಲಾ ಕುಮಟಾ ಕಡೆಯವಳು. ಮನೆಯ ಹಿಂದಿನ ಬಾಗಿಲು ತೆಗೆದರೆ ಸಮುದ್ರ ಕಾಣುತ್ತಿತ್ತಂತೆ. ಸೊರಬಕ್ಕೆ ಮದುವೆಯಾಗಿ ಬಂದ ಮೊದಲ ವರ್ಷ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಸದ್ದಿಲ್ಲ ಎಂದು. ಗಂಡ ಮಂಜುನಾಥನಿಗೆ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ. ಮಾತು ಕಡಿಮೆ. ಅವನೇ ಒಂದು ದಿನ ನನ್ನನ್ನು ಹುಡುಕಿಕೊಂಡು ಶಿಕಾರಿಪುರಕ್ಕೆ ಬಂದು, "ಮೇಡಂ, ನಮ್ಮನೇಲಿ ಸಮುದ್ರ ಮಾಡಿಕೊಡಕ್ಕೆ ಆಗ್ತದಾ?" ಎಂದಿದ್ದ. ಮೂರು ಅಡಿಯ ತೊಟ್ಟಿ ಮಾಡಿದೆ. ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಮೀನಿನ ಜೋಡಿ, ಗುಂಡಿಗಳನ್ನು ಅಂಟಿಸಿದಂಥ ಪುಟ್ಟ ಹವಳದ ಗೊಂಚಲು, ಅಣಬೆಯಂಥದೊಂದು, ಎಲ್ಲಕ್ಕಿಂತ ದೊಡ್ಡದು ಬೆರಳು ಬೆರಳಾಗಿ ಅಲೆಯುವ ಹಸಿರು ಹವಳ. ಸುಮಂಗಲಾ ಆನವಟ್ಟಿಯ ಒಂದು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ರಾತ್ರಿ ಎಂಟಕ್ಕೆ ಬಸ್ಸಿಳಿದು ಬಂದವಳು ಚಪ್ಪಲಿ ಬಿಡುವ ಮೊದಲು ಅದರ ಮುಂದೆ ನಿಲ್ಲುತ್ತಿದ್ದಳಂತೆ.

ಮೊದಲು ಆ ತೊಟ್ಟಿಗೆ ಇದ್ದದ್ದು ಟ್ಯೂಬ್‌ಲೈಟು. ಅದಿದ್ದಷ್ಟು ವರ್ಷ ಎಲ್ಲ ಚೆನ್ನಾಗಿತ್ತು. ಟ್ಯೂಬು ಹಳತಾಯಿತೆಂದು ನಾನೇ ಎಲ್‌ಇಡಿ ಆಯ್ದು ತಂದೆ, ವಾರ ವಾರ ಏರಿಸಿದೆ. ಒಂಬತ್ತರಿಂದ ಸಂಜೆ ಆರರವರೆಗೆ ಉರಿಯುವ ಹಾಗೆ ಟೈಮರ್ ಮೊದಲಿನಿಂದಲೂ ಇತ್ತು. ಎರಡು ತಿಂಗಳಲ್ಲಿ ಗುಂಡಿಗಳು ಬಿಳಿಚಿಕೊಂಡವು. ಲೈಟನ್ನು ನಾಲ್ಕು ಬೆರಳು ಮೇಲಕ್ಕೆತ್ತಿದೆ. ಅಣಬೆ ಸತ್ತಿತು. ಬೆಳಕು ತಗ್ಗಿಸಿದೆ. ಗಾಜಿಗೆ ಕಂದು ಲೋಳೆ ಹಿಡಿಯಿತು. ನೀರಿನಲ್ಲಿ ದೋಷವೆಂದು ನೀರು ಬದಲಿಸಿದೆ. ಗುಂಡಿಗಳೂ ಹೋದವು. ನಾಲ್ಕನೆಯ ಸಲ ಹೋದದ್ದು ಭಾನುವಾರ, ಇಬ್ಬರೂ ಮನೆಯಲ್ಲಿದ್ದರು. "ಮೀನಿಗೆ ಊಟ ಜಾಸ್ತಿ ಹಾಕ್ತಾ ಇದೀಯ ನೀನು" ಎಂದು ಸುಮಂಗಲಾಗೇ ಹೇಳಿಬಿಟ್ಟೆ. ಅವಳು ತಲೆ ಬಗ್ಗಿಸಿದಳು. ಬಾಗಿಲವರೆಗೆ ಬಿಡಲು ಬಂದ ಮಂಜುನಾಥ, "ಒಂದೊಂದು ಸತ್ತಾಗಲೂ ಅವಳು ಊಟ ಬಿಡ್ತಾಳೆ ಮೇಡಂ. ನಂಗೆ ಅದನ್ನ ನೋಡಕ್ಕೆ ಆಗದಿಲ್ಲ" ಎಂದ.

ಅವರ ಮನೆ ತಲುಪಿದಾಗ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಇದ್ದವರು ಮಂಜುನಾಥನ ತಾಯಿ ಗೌರಮ್ಮ. ಎಪ್ಪತ್ತರ ಆಸುಪಾಸು, ಬಿಗಿಯಾಗಿ ಕಟ್ಟಿದ ಸಣ್ಣ ತುರುಬು, ಓಡಾಡುವಾಗ ಬಳೆಯ ಸದ್ದು ಬಾರದ ಹಾಗೆ ಮೊಳಕೈಗೆ ಏರಿಸಿದ ಬಳೆ. ನನಗೆ ಕಷಾಯ ಕೊಟ್ಟು, "ನೋಡಿ ತಂಗೀ, ಏನಾರೂ ಮಾಡಿ. ಅದೊಂದು ಉಳೀಲಿ" ಎಂದು ಒಳಗೆ ಹೋದರು.

ಹಸಿರು ಹವಳ ಮುಷ್ಟಿ ಬಿಗಿಹಿಡಿದಂತೆ ಕೂತಿತ್ತು. ನೀರು ನೋಡಿದೆ, ಉಪ್ಪು ನೋಡಿದೆ, ಎಲ್ಲ ಸರಿ. ನೋಟು ಪುಸ್ತಕ ತೆಗೆದು 'ಹವಳ ಸೊರಗಿದೆ' ಎಂದು ಬರೆದೆ. ಬರೆದದ್ದೇ ಕೆಂಪು ಶಾಯಿ ನೆನಪಾಯಿತು. ನಾನು ಕಂಡದ್ದೇನು? ನಾಲ್ಕು ಸಲವೂ ಹನ್ನೊಂದಕ್ಕೆ ಬಂದು, ನಾಲ್ಕರ ಬಸ್ಸಿಗೆ ಓಡಿದ್ದೆ. ಈ ತೊಟ್ಟಿಯ ಸಂಜೆಯನ್ನು ನಾನು ಒಂದು ದಿನವೂ ಕಂಡಿರಲಿಲ್ಲ.

ಮನೆಗೆ ಫೋನು ಮಾಡಿ, ಇವತ್ತು ಬರುವುದಿಲ್ಲ ಎಂದೆ. ಗೌರಮ್ಮನವರು ಮಣೆಯೊಂದನ್ನು ತಂದಿಟ್ಟರು. ಮಧ್ಯಾಹ್ನ ಅವರ ಜೊತೆ ಅನ್ನ, ಕೆಸುವಿನ ಸೊಪ್ಪಿನ ಪಲ್ಯ ಉಂಡು ಮತ್ತೆ ಅದೇ ಮಣೆ. ಆರಕ್ಕೆ ಸರಿಯಾಗಿ ಟೈಮರ್ ಟಕ್ ಎಂದಿತು. ತೊಟ್ಟಿ ಕತ್ತಲಾಯಿತು.

ಗೌರಮ್ಮನವರು ಕೈಕಾಲು ತೊಳೆದು, ದೇವರ ಮುಂದೆ ದೀಪ ಹಚ್ಚಿ, ಹೊಸ್ತಿಲಿಗೆ ಕೈಮುಗಿದು ಪಡಸಾಲೆಗೆ ಬಂದರು. ನನ್ನನ್ನು ನೋಡಿ ನಿಂತರು. ಕುರ್ಚಿಯ ಮೇಲಿನ ಟವೆಲು ಮಡಚಿದರು. ಮತ್ತೆ ಬಿಚ್ಚಿ ಮಡಚಿದರು.

"ತಂಗೀ, ಮುಖ ತೊಳ್ಕಂಬನ್ನಿ ಹಿತ್ತಲಾಗೆ."

"ಆಮೇಲೆ ತೊಳೀತೀನಮ್ಮ."

ಒಳಗೆ ಹೋಗಿ ಬಂದರು. "ಬಿಸಿನೀರು ಐತೆ. ಆರಿ ಹೋಗ್ತದೆ."

"ಪರವಾಗಿಲ್ಲಮ್ಮ."

ಮೂರನೆಯ ಸಲ ಬಂದಾಗ ಅವರ ಮುಖದಲ್ಲಿ ಎಂಥದೋ ಸಂಕಟ ಇತ್ತು. ಹೊರಗೆ ಬೆಳಕು ಪೂರ್ತಿ ಹೋಗಿತ್ತು. ನಾನು ಎದ್ದು ಹಿತ್ತಲಿಗೆ ಹೋದೆ. ಮುಖ ಒರೆಸಿಕೊಂಡು ಬರುವಷ್ಟರಲ್ಲಿ ತೊಟ್ಟಿ ಝಗ್ಗನೆ ಉರಿಯುತ್ತಿತ್ತು. ಲೈಟಿನ ಪ್ಲಗ್ಗು ಟೈಮರಿನಿಂದ ಕಳಚಿ ಪಕ್ಕದ ಸಾಕೆಟ್ಟಿಗೆ ಬಂದಿತ್ತು.

"ಅಮ್ಮಾ, ಇದು ಹೆಂಗೆ ಹತ್ತಿತು?"

"ಕರೆಂಟು ಬಂತೇನೋ."

"ಕರೆಂಟು ಹೋಗೇ ಇರ್ಲಿಲ್ವಲ್ಲಮ್ಮ."

ಅವರು ನಿಧಾನವಾಗಿ ನನ್ನ ಮಣೆಯ ಪಕ್ಕ ನೆಲದ ಮೇಲೆ ಕೂತರು. "ಯಾರೂ ಮುಟ್ಟಬ್ಯಾಡಿ ಅಂದಿದ್ರಿ ನೀವು. ನಾನು ನೀರು ಮುಟ್ಟಿಲ್ಲ, ಮೀನು ಮುಟ್ಟಿಲ್ಲ. ವಯರೊಂದು ಮುಟ್ಟಿದೀನಿ."

"ಎಷ್ಟು ದಿನದಿಂದ?"

"ಎಷ್ಟು ದಿನ ಎಂತದು. ತೊಟ್ಟಿ ಬಂದಾಗಿಂದ. ಮಲಗ ಹೊತ್ತಿಗೆ ಮತ್ತೆ ಮೊದಲಿನಂಗೇ ಸಿಗಸ್ತೀನಿ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಮುಸ್ಸಂಜೆ ಹೊತ್ತು ತಂಗೀ. ದೀಪ ಹಚ್ಚ ಹೊತ್ತಿಗೆ ಸರಿಯಾಗಿ ಮನೆಯೊಳಗಿನ ಒಂದು ದೀಪ ಆರಿದ್ರೆ ನೋಡ್ಕಂಡು ಕೂರಕ್ಕೆ ಆಗ್ತದಾ? ಅದೂ ಅವಳ ತವರಿನ ನೀರು. ಅವಳು ದುಡಿದು ಸೋತು ಬರ್ತಾಳೆ. ಬಂದಾಗ ಮನೆಯೆಲ್ಲ ಬೆಳಕು, ಅವಳದ್ದೊಂದು ಕತ್ತಲೆ. ಎಂತ ಅನ್ಕಬೇಕು ಅವಳು?"

ಮನಸ್ಸಿನಲ್ಲೇ ಗಂಟೆ ಕೂಡಿದೆ. ನಾನು ಒಂಬತ್ತು ಗಂಟೆಗೆಂದು ಆಯ್ದ ಬೆಳಕು ಹದಿಮೂರು ಗಂಟೆಗೂ ಮೀರಿ ಉರಿಯುತ್ತಿತ್ತು. ಟ್ಯೂಬು ಮಂದವಿದ್ದಾಗ ಈ ಸಂಜೆಯ ಬೆಳಕು ಹವಳಗಳಿಗೆ ಮೇಲೊಂದು ತುತ್ತು. ಗಟ್ಟಿ ಎಲ್‌ಇಡಿ ಬಂದ ಮೇಲೆ ಅದೇ ತುತ್ತು ಹೊರೆಯಾಯಿತು.

ಗೌರಮ್ಮನವರು ನನ್ನ ಮುಖ ನೋಡಿದರು. ಅವರು ದಡ್ಡರಲ್ಲ. "ಹಂಗಾರೆ ಅವೆಲ್ಲ ಸತ್ತಿದ್ದು ನನ್ನಿಂದಾ?" ದನಿ ಸಣ್ಣಗಾಗಿತ್ತು. "ಅವಳಿಗೆ ಎಂತ ಅಂತ ಹೇಳಲಿ ನಾನು?"

"ಇಲ್ಲಮ್ಮ. ನನ್ನಿಂದ." ಇದು ಸಮಾಧಾನಕ್ಕೆ ಹೇಳಿದ ಮಾತಲ್ಲ. ಮುಟ್ಟಬೇಡಿ ಎಂದೆನೇ ಹೊರತು, ಯಾಕೆ, ಎಷ್ಟು ಹೊತ್ತು ಎಂದು ಯಾರಿಗೂ ಹೇಳಿರಲಿಲ್ಲ. ಹಗಲೆಲ್ಲ ತೊಟ್ಟಿಯ ಜೊತೆ ಇರುವವರು ಇವರೊಬ್ಬರೇ; ಇವರನ್ನು ಒಂದು ಮಾತೂ ಕೇಳಿರಲಿಲ್ಲ. ಕಷಾಯ ಮಾತ್ರ ಕುಡಿದಿದ್ದೆ.

ಟೈಮರನ್ನು ಮಡಿಲಲ್ಲಿಟ್ಟುಕೊಂಡು ಯೋಚಿಸಿದೆ. ಆ ಲೈಟಿಗೆ ಎರಡು ವಯರು, ಬಿಳಿಗೆ ಒಂದು, ನೀಲಿಗೆ ಒಂದು. ಎರಡನ್ನೂ ನಾನು ಒಟ್ಟಿಗೇ ಕಟ್ಟಿದ್ದೆ. ಬಿಚ್ಚಿದೆ. ಬಿಳಿಯದನ್ನು ಮಧ್ಯಾಹ್ನ ಹನ್ನೆರಡರಿಂದ ಏಳರವರೆಗೆ ಟೈಮರಿಗೆ ಕೊಟ್ಟೆ. ಬೆಳಿಗ್ಗೆ ಯಾರೂ ಅದನ್ನು ನೋಡುತ್ತಿರಲಿಲ್ಲ; ಆ ಬೆಳಕೆಲ್ಲ ದಂಡ. ನೀಲಿಯದನ್ನು ತೀರ ತಗ್ಗಿಸಿ ಪಕ್ಕದ ಸ್ವಿಚ್ಚಿಗೆ ಕೊಟ್ಟೆ.

"ಅಮ್ಮಾ, ಇದಕ್ಕೆ ಟೈಮರಿಲ್ಲ. ದಿನಾ ದೇವರ ದೀಪ ಹಚ್ಚಿದ ಮೇಲೆ ಈ ನೀಲಿದನ್ನ ನೀವೇ ಹಾಕಿ. ಇದು ಹತ್ತಿದ ಮೇಲೇ ಬಿಳಿದು ಆರೋದು. ನಡುವೆ ಒಂದು ಗಳಿಗೆನೂ ಕತ್ತಲಾಗಲ್ಲ. ಸುಮಂಗಲಾ ಬಂದು, ನೋಡಿ, ಊಟ ಮಾಡಿದ ಮೇಲೆ ಆರಿಸಿ."

"ನಾನು ಮುಟ್ಟಬೋದಾ?"

"ನೀವೇ ಮುಟ್ಟಬೇಕು."

ಅವರು ಎದ್ದು ಕೈಯನ್ನು ಸೆರಗಿಗೆ ಒರೆಸಿಕೊಂಡರು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ, ಶೈಲಾ ಕಾಯುವುದು ಬೇಡ. ಹಸಿರು ಹವಳ ಮತ್ತೆ ಬೆರಳು ಬಿಚ್ಚಲು ಮೂರು ವಾರ ಹಿಡಿಯಿತು, ಬುಡಕ್ಕೆ ಬಣ್ಣ ಬರಲು ಒಂದು ಮಳೆಗಾಲ. ಬೀರು ಮಲಗುವ ಕೋಣೆಗೆ ಹೋಯಿತು. ಅಂದು ರಾತ್ರಿ ಸೊಸೆ ಬಂದಾಗ ಗೌರಮ್ಮನವರೇ ಎಲ್ಲವನ್ನೂ ಹೇಳಿದರು. ನಾನೂ ಸುಮಂಗಲಾಳ ಕೈ ಹಿಡಿದು, ಊಟದ ಮಾತು ತಪ್ಪಾಯಿತು ಎಂದೆ. ಅವಳು ಅತ್ತೆಯ ಕಡೆ ನೋಡಿ, "ಇಷ್ಟು ದಿನ ಟೈಮರು ನನಗೆ ಕಾಯ್ತಾ ಇದೆ ಅನ್ಕಂಡಿದ್ದೆ" ಎಂದಳು. ಮೀಟರು ತಳ, ನಡು, ಮೇಲು ಅಳೆಯುತ್ತದೆ. ಮನೆಯವರು ಸಂಜೆ ಏನು ಮಾಡುತ್ತಾರೆ ಎನ್ನುವುದನ್ನು ಕೂತೇ ನೋಡಬೇಕು. ಲೈಟು ಆಯುವ ಮೊದಲು ಒಂದು ದಿನ ಪೂರ್ತಿ ಆ ಮನೆಯಲ್ಲಿ ಕೂರು. ನಾನು ಬರೆದುಕೊಡಬಹುದಾದ ಹಾಳೆ ಇಷ್ಟೆ.

ಆದರೆ ಆ ಸಂಜೆ ಹಸಿರು ಹವಳ ಇನ್ನೂ ಮುಷ್ಟಿಯಾಗಿಯೇ ಇತ್ತು. ಗೌರಮ್ಮನವರು ನೀಲಿಯ ಸ್ವಿಚ್ಚು ಒತ್ತಿದರು. ಏಳಕ್ಕೆ ಟೈಮರ್ ಟಕ್ ಎಂದು ಬಿಳಿ ಹೋಯಿತು. ತೊಟ್ಟಿಯ ತುಂಬ ಮಬ್ಬು ನೀಲಿ ಉಳಿಯಿತು. ಮೀನಿನ ಜೋಡಿ ಹವಳದ ಮಗ್ಗುಲಿಗೆ ಹೋಗಿ ನಿಂತಿತು. ನಾವಿಬ್ಬರೂ ಅದನ್ನೇ ನೋಡುತ್ತ ನಿಂತಿದ್ದಾಗ ಎದುರು ಮನೆಯ ನಾಗವೇಣಿ ಒಂದು ಸ್ಟೀಲಿನ ಬಟ್ಟಲು ಹಿಡಿದು ಬಾಗಿಲಿಗೆ ಬಂದಳು. ಮಧ್ಯಾಹ್ನ ಪಲ್ಯ ಕೊಟ್ಟು ಕಳಿಸಿದ್ದ ಬಟ್ಟಲು ಅದು.

ಅದನ್ನು ಕಟ್ಟೆಯ ಮೇಲಿಟ್ಟು, ಒಳಗೊಮ್ಮೆ ಇಣುಕಿ, "ಎಂತದು ಗೌರಕ್ಕಾ, ಇವತ್ತು ಮೀನಿನ ದೀಪ ಹಚ್ಚಕ್ಕೆ ಇಷ್ಟೊತ್ತು ಮಾಡಿದ್ರಿ?" ಎಂದಳು. "ನಾನು ದಿನಾ ಅದು ಹತ್ತಿದ್ದು ನೋಡೇ ಅನ್ನಕ್ಕಿಡದು. ನಮ್ಮನೇಲಿ ಅಕ್ಕಿ ಇನ್ನೂ ಮೊರದಾಗೇ ಐತೆ."